ಗಂಗಾವತಿಯ ಫೈಬರ್ ಶೆಡ್ಡು: ದೋಣಿ ಕೊಡಿ, ಹುಟ್ಟು ಕೊಡಬೇಡಿ

ಗಂಗಾವತಿಯಿಂದ ಕಂಪ್ಲಿ ಕಡೆ ಹೊರಟರೆ ರೈಸ್ ಮಿಲ್ಲುಗಳ ಸಾಲು ತೆಳುವಾಗುವ ಹೊತ್ತಿಗೆ ರಸ್ತೆಯಿಂದ ತುಸು ಒಳಗೆ ಒಂದು ತಗಡಿನ ಶೆಡ್ಡು ಸಿಗುತ್ತದೆ. ಬೋರ್ಡ್ ಇಲ್ಲ. ಮದುವೆ ಸಾರೋಟಿಗೆ ಕಟ್ಟುವ ಫೈಬರ್ ಕುದುರೆಯೊಂದು ಬಾಗಿಲ ಪಕ್ಕ ಮೂರೇ ಕಾಲಿನ ಮೇಲೆ ನಿಂತಿರುತ್ತದೆ. ಮಾಡಿಸಿದವರು ಬಾಕಿ ಕೊಡದೆ ಮಾಯವಾದರಂತೆ, ನಾಲ್ಕನೇ ಕಾಲು ಅಲ್ಲಿಗೇ ನಿಂತಿದೆ. ಆ ಕುದುರೆಯೇ ಗುರುತು. ಒಳಗೆ ನೀರಿನ ತೊಟ್ಟಿ, ಶಾಲೆಯ ಜಾರುಬಂಡಿ, ಟೆಂಪೋ ಬಾನೆಟ್ಟು, ಕೂಲರ್ ಡಬ್ಬಿ, ದೇವಸ್ಥಾನದ ಕಮಾನಿಗೆ ಕೂರಿಸುವ ಸಿಂಹದ ಮುಖ. ಇವರ ನಿಜವಾದ ಕಸುಬು ಇದು. ದೋಣಿ ರಿಪೇರಿ ಇವರಿಗೆ ನಾನೇ ಹಚ್ಚಿದ ಹೊಸ ಗೀಳು.

ಹೊಳೆಯ ಸೆಳವಿನಲ್ಲಿ ಕನೂ, ಅಂದರೆ ಮೇಲೆ ತೆರೆದಿರುವ ಉದ್ದನೆಯ ದೋಣಿ ಆಡಿಸುವವರು ನಮ್ಮ ಕಡೆ ಬೆರಳೆಣಿಕೆಯಷ್ಟು ಮಂದಿ. ಆದರೂ ಸಾಣಾಪುರ, ಆನೆಗೊಂದಿ ಕಡೆ ರೂಮು ನಡೆಸುವ ಕೆಲವರು ಈಗ ಹಳೇ ಕಯಾಕು, ಕನೂ ತಂದಿಟ್ಟುಕೊಂಡು 'ನಿಮ್ಮದು ಎಲ್ಲಿ ಮಾಡಿಸಿದಿರಿ' ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಗಿದೆ, ಇಲ್ಲಿ ಬರೆದುಬಿಡುತ್ತೇನೆ. ದೋಣಿಯ ಮೈ ಒಡೆದಿದ್ದರೆ ಕಣ್ಣು ಮುಚ್ಚಿಕೊಂಡು ಈ ಶೆಡ್ಡಿಗೆ ಒಯ್ಯಿರಿ. ಒಳಗಿನ ಸೀಟು, ಪಟ್ಟಿ, ಗಾಳಿ ಚೀಲದ ಕೆಲಸ ಅರ್ಧ ಇಲ್ಲಿ, ಅರ್ಧ ಬೇರೆ ಬೇರೆ ಅಂಗಡಿಗಳಲ್ಲಿ. ಹುಟ್ಟು ಮಾತ್ರ ಇಲ್ಲಿ ಕೊಡಲೇಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನಮ್ಮದು ತೆಪ್ಪದವರ ಮನೆ. ಅಪ್ಪ ಆನೆಗೊಂದಿ ಕಡವಿನಲ್ಲಿ ವರ್ಷಗಟ್ಟಲೆ ತೆಪ್ಪ ಹಾಕಿದವರು. ತೆಪ್ಪ ಕೆಟ್ಟರೆ ರಿಪೇರಿ ಅಂದರೆ ಬಿದಿರಿನ ಸೀಳು, ಪ್ಲಾಸ್ಟಿಕ್ ಹಾಳೆ, ಮೇಲೆ ಕಾಸಿದ ಡಾಂಬರು. ಮನೆಯವರೇ ಕೂತು ಮುಗಿಸುವ ಕೆಲಸ. ಹಿಂದೆ ಪ್ಲಾಸ್ಟಿಕ್ಕಿನ ಜಾಗದಲ್ಲಿ ಚರ್ಮ ಇತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಬುಟ್ಟಿ ದೋಣಿಗಳನ್ನು ನೋಡಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರುತ್ತಾರೆ, ಸದಾ ಸುತ್ತುತ್ತಲೇ ಸಾಗುತ್ತವೆ ಅಂತ ಬರೆದಿಟ್ಟಿದ್ದಾನೆ. ಅಪ್ಪನಿಗೆ ಪಾಯಸ್ ಗೊತ್ತಿಲ್ಲ. ಆದರೆ ನನ್ನ ಹದಿನೈದಡಿ ಕನೂವನ್ನು ಮೊದಲ ಸಲ ನೋಡಿದಾಗ ಅವರು ಹೇಳಿದ್ದೂ ಅದೇ ಮಾತಿನ ಇನ್ನೊಂದು ಮಗ್ಗುಲು: "ಇದು ತಿರಗಂಗಿಲ್ಲಲ್ಲೋ. ತೆಪ್ಪ ಆದ್ರ ಕಲ್ಲಿಗೆ ತಾಗಿ ತಿರಗಿ ಹೊಕ್ಕೈತಿ. ಇದು ನೆಟ್ಟಗ ಹೋಗಿ ಗುದ್ದತೈತಿ."

ಕನೂ ರಿಪೇರಿಯ ಮುಕ್ಕಾಲು ಪಾಠ ಆ ಮಾತಲ್ಲೇ ಇದೆ. ಉದ್ದನೆಯ ದೋಣಿ ಮೂತಿಯಿಂದ ಗುದ್ದುತ್ತದೆ, ಇಲ್ಲವೇ ಅಡ್ಡ ತಿರುಗಿ ಬಂಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಅಡ್ಡ ನಿಂತ ದೋಣಿಯೊಳಗೆ ನೀರು ನುಗ್ಗಿದರೆ ತೂಕ ಅರ್ಧ ಟನ್ ದಾಟುತ್ತದೆ, ಅದರ ಮೇಲೆ ಹಿಂದಿನಿಂದ ಹೊಳೆ ಪೂರ್ತಿ ತಳ್ಳುತ್ತಿರುತ್ತದೆ. ನಮ್ಮ ತುಂಗಭದ್ರೆಯ ಬಂಡೆಗಳು ಗ್ರಾನೈಟು. ದೂರಕ್ಕೆ ನುಣ್ಣಗೆ ಕಾಣುತ್ತವೆ, ಕೈಯಿಟ್ಟರೆ ಮರಳು ಕಾಗದ. ಮುಟ್ಟಿದಲ್ಲೆಲ್ಲ ದೋಣಿಯ ಬಣ್ಣ ಕೆರೆದುಕೊಂಡು ಹೋಗುತ್ತದೆ.

ನನ್ನ ಹತ್ತಿರ ಎರಡು ಕನೂ ಇವೆ. ಕೆಂಪನೆಯದು ಫೈಬರ್ ಗ್ಲಾಸಿನದು, ಕಾಳಿ ನದಿಯ ಕಡೆ ಮುಚ್ಚಿಹೋದ ಒಂದು ಕ್ಯಾಂಪಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಹಸಿರು ಕನೂ ರಾಯಲೆಕ್ಸ್ ಅನ್ನುವ ಪ್ಲಾಸ್ಟಿಕ್ ಹಾಳೆಯದು. ವಿದೇಶದಿಂದ ವಾಪಸ್ ಬಂದ ಬೆಂಗಳೂರಿನ ಗೆಳೆಯರೊಬ್ಬರು ಮನೆ ಸಾಮಾನಿನ ಕಂಟೇನರಿನಲ್ಲಿ ತಂದಿದ್ದರು, ಅಪಾರ್ಟ್‌ಮೆಂಟಿನಲ್ಲಿ ಇಡಲು ಜಾಗವಿಲ್ಲದೆ ನನಗೆ ಕೊಟ್ಟರು. ಕೆಂಪು ಕನೂ ಎರಡು ಬಂಡೆಗಳ ನಡುವೆ ಅಡ್ಡ ಸಿಕ್ಕಿ, ತಳ ಮತ್ತು ಪಕ್ಕೆ ಸೇರುವ ತಿರುವಿನಲ್ಲಿ ಎರಡು ಗೇಣು ಉದ್ದ ಸೀಳಿತ್ತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತಲ್ಲ, ಆಮೇಲೆ ಹೊಳೆ ಇಳಿಯುವ ತನಕ ನೀರಿಗೆ ಇಳಿಯುವ ಮಾತೇ ಇರಲಿಲ್ಲ. ರಿಪೇರಿಗೆ ಇದೇ ಸಮಯ ಅಂತ ಟಾಟಾ ಏಸ್ ಮೇಲೆ ಹೇರಿಕೊಂಡು ಈ ಶೆಡ್ಡಿಗೆ ಹೋದೆ.

ಮೇಸ್ತ್ರಿಗೆ ಅರವತ್ತರ ಹತ್ತಿರ ಪ್ರಾಯ. ಎಲ್ಲರೂ ಚಾಚಾ ಅನ್ನುತ್ತಾರೆ. ರೇಟು ಕೇಳಿದೆ, ಹೇಳಲಿಲ್ಲ. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ಸೀಳಿನ ಸುತ್ತ ಟಕ್ ಟಕ್ ಅಂತ ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ ಸದ್ದು ಚುರುಕು, ಒಳಪದರ ಬಿಟ್ಟುಕೊಂಡಲ್ಲಿ ಮಂಕು. ಮಂಕಾದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದರು. ಕಣ್ಣಿಗೆ ಕಂಡ ಸೀಳಿಗಿಂತ ಸುಣ್ಣದ ವೃತ್ತ ಮೂರು ಪಟ್ಟು ದೊಡ್ಡದಾಯಿತು. "ನೀ ತೋರ್ಸಿದ್ದು ಗಾಯ, ತಮ್ಮಾ. ಬಾವು ಇಷ್ಟ್ ದೂರ ಐತಿ ನೋಡು. ಇಷ್ಟೂ ತೆಗಿಬೇಕು." ಸೀಳಿನ ಮೇಲೊಂದು ತೇಪೆ ಬಡಿದು ಬಣ್ಣ ಹೊಡೆದು ಕೊಡುವವರು ಬೇರೆ ಕಡೆ ಬೇಕಾದಷ್ಟು ಸಿಗುತ್ತಾರೆ. ಈ ನಾಣ್ಯದ ಪರೀಕ್ಷೆ ನೋಡಿದ ಮೇಲೆ ದೋಣಿ ಇಲ್ಲೇ ಬಿಡೋಣ ಅನ್ನಿಸಿತು.

ಕೆಲಸ ನಡೆಯುವಾಗ ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಗ್ರೈಂಡರಿನಿಂದ ಒಡೆದ ಭಾಗವನ್ನೆಲ್ಲ ಸವೆಸಿದರು. ಅಂಚನ್ನು ಲಂಬಕ್ಕೆ ಕತ್ತರಿಸದೆ ಇಳಿಜಾರಾಗಿ ತೀಡಿದರು. ಮೈಯ ದಪ್ಪ 4 ಮಿ.ಮೀ. ಇದ್ದರೆ ಸುತ್ತಲೂ ಸುಮಾರು 5 ಸೆಂ.ಮೀ. ಅಗಲದ ಇಳಿಜಾರು. ಹಳೆಯ ಗಾಜಿನ ಎಳೆಗೂ ಹೊಸದಕ್ಕೂ ಅಂಟಿಕೊಳ್ಳಲು ಅಷ್ಟು ಹಾಸು ಬೇಕೇಬೇಕು. ಚಿಕ್ಕ ಇಳಿಜಾರು ಕೊಟ್ಟರೆ ತೇಪೆ ಮುಂದಿನ ಹೊಡೆತಕ್ಕೆ ಬಿಲ್ಲೆಯ ಹಾಗೆ ಉದುರಿ ಬೀಳುತ್ತದೆ. ಮುಖ್ಯ ತೇಪೆಯನ್ನು ಒಳಗಿನಿಂದ ಹಾಕಿದರು, ಹೊರಗೆ ತೆಳುವಾದ ಪದರ ಅಷ್ಟೇ. ಬಂಡೆ ಹೊರಗಿನಿಂದ ಗುದ್ದಿದಾಗ ಹಿಗ್ಗುವುದು ಒಳಮೈ, ಎಳೆಗಳ ಬಲ ಬೇಕಾದದ್ದು ಅಲ್ಲೇ. ದೋಣಿ ಶಾಸ್ತ್ರ ಓದದ ಚಾಚಾ ಇದನ್ನು ಕಲಿತದ್ದು ಭತ್ತದ ಲಾರಿಗಳ ಬಾನೆಟ್ಟಿನಿಂದ.

ರೆಸಿನ್, ಅಂದರೆ ಗಾಜಿನ ಎಳೆಗಳನ್ನು ಹಿಡಿದು ಗಟ್ಟಿಯಾಗುವ ಅಂಟು, ಕಲಸುವುದನ್ನು ನೋಡುವುದೇ ಒಂದು ಮಜಾ. ಪಾಲಿಯೆಸ್ಟರ್ ರೆಸಿನ್ನಿಗೆ ಮೊದಲು ಬೇಗ ಗಟ್ಟಿಯಾಗಿಸುವ ನೇರಳೆ ಬಣ್ಣದ ಕೋಬಾಲ್ಟ್ ದ್ರವ, ಅದನ್ನು ಪೂರ್ತಿ ಕದಡಿದ ಮೇಲೆಯೇ ಹಾರ್ಡನರ್. ಅವೆರಡನ್ನೂ ನೇರ ಸೇರಿಸಿದರೆ ಸಿಡಿದು ಬೆಂಕಿಯಾಗುತ್ತದೆ. ಅದಕ್ಕೇ ಎರಡು ಬಾಟಲಿಗಳನ್ನು ಶೆಡ್ಡಿನ ಎರಡು ಮೂಲೆಯಲ್ಲಿ ಇಟ್ಟಿದ್ದಾರೆ, ಹುಡುಗರಿಗೆ ಒಂದರಿಂದ ಇನ್ನೊಂದರ ಕಡೆ ನಡೆಯುವಷ್ಟರಲ್ಲಿ ನೆನಪಾಗಲಿ ಅಂತ. ಒಂದು ಕಿಲೋ ರೆಸಿನ್ನಿಗೆ 10ರಿಂದ 20 ಮಿ.ಲೀ. ಹಾರ್ಡನರ್. ಮಳೆಗಾಲಕ್ಕೆ ಜಾಸ್ತಿ, ಬೇಸಿಗೆಗೆ ಕಮ್ಮಿ. ನಮ್ಮ ಏಪ್ರಿಲ್ ಬಿಸಿಲಿಗೆ ಅಳತೆ ತಪ್ಪಿದರೆ ಮ್ಯಾಟ್, ಅಂದರೆ ಗಾಜಿನ ಚೂರು ಎಳೆಗಳ ಹಾಳೆ, ಹಾಸುವ ಮೊದಲೇ ಡಬ್ಬಿಯಲ್ಲಿ ಹೊಗೆ ಏಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಬೆಳಗಿನ ಎಂಟರೊಳಗೆ ಪದರದ ಕೆಲಸ ಮುಗಿಸಿ, ಉಳಿದ ಹೊತ್ತು ಉಜ್ಜಾಟ. ಮ್ಯಾಟ್ ಹಾಸಿದ ಮೇಲೆ ಗೀರುಗೀರಿನ ಉಕ್ಕಿನ ರೋಲರ್ ಉರುಳಿಸಿ ಗಾಳಿ ಗುಳ್ಳೆಯನ್ನೆಲ್ಲ ಹೊರಗೆ ಓಡಿಸಿದರು. ಉಳಿದ ಒಂದೇ ಒಂದು ಗುಳ್ಳೆಯನ್ನು ಸೂಜಿಯಿಂದ ಚುಚ್ಚಿ ಕೂರಿಸಿದರು. ಒಟ್ಟು 4,500 ರೂಪಾಯಿ ತೆಗೆದುಕೊಂಡರು. ಬಣ್ಣ ಹಳೆಯದಕ್ಕೆ ಹೊಂದಲಿಲ್ಲ. ಕೆಂಪು ದೋಣಿಗೆ ಇಟ್ಟಿಗೆ ಬಣ್ಣದ ಪಟ್ಟೆ. ಅದಕ್ಕೆ ನಾನು ತಲೆ ಕೆಡಿಸಿಕೊಂಡಿಲ್ಲ, ನೀವು ಕೆಡಿಸಿಕೊಳ್ಳುವವರಾದರೆ ಮೊದಲೇ ಹೇಳಿ, ಆಮೇಲೆ ಜಗಳ ಬೇಡ. ಎರಡು ಮಳೆಗಾಲ ಕಳೆದರೂ ನಾಣ್ಯ ತಟ್ಟಿದರೆ ಸದ್ದು ಚುರುಕಾಗಿಯೇ ಇದೆ.

ಹಸಿರು ಕನೂ ಒಯ್ದಾಗ ಬೇರೆ ಕಥೆ. ರಾಯಲೆಕ್ಸ್ ಅನ್ನುವುದು ಟಯರ್ ಮಾಡುತ್ತಿದ್ದ ಯೂನಿರಾಯಲ್ ಕಂಪನಿಯ ಹಾಳೆ. ನಡುವೆ ಎಬಿಎಸ್ ಪ್ಲಾಸ್ಟಿಕ್ಕಿನ ನೊರೆ, ಎರಡೂ ಕಡೆ ಗಟ್ಟಿ ಎಬಿಎಸ್, ಮೇಲೆ ವಿನೈಲ್ ಚರ್ಮ. ಬಂಡೆಗೆ ಸುತ್ತಿಕೊಂಡರೂ ಮತ್ತೆ ಆಕಾರಕ್ಕೆ ಬರುವ ಗುಣದಿಂದ ಸೆಳವಿನ ಕನೂಗಳಿಗೆಲ್ಲ ಅದೇ ಬೇಕಿತ್ತು. 2014ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ಹಾಗಾಗಿ ಇದ್ದದ್ದನ್ನು ಉಳಿಸಿಕೊಳ್ಳುವುದೊಂದೇ ದಾರಿ. ನನ್ನದರ ಮೂತಿಯಲ್ಲಿ ವಿನೈಲ್ ಸವೆದು, ಒಳಗಿನ ನೊರೆಯೇ ಹೊರಗೆ ಇಣುಕುತ್ತಿತ್ತು.

ಚಾಚಾ ಅದನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡರು. "ಇದು ಯಾವ ಮಾಲು ಅಂತ ಮೊದ್ಲು ಹೇಳು. ಗೊತ್ತಿಲ್ದ ಮಾಲಿಗೆ ನಾ ಕೈ ಹಚ್ಚಂಗಿಲ್ಲ." ಮೂಲೆಯಿಂದ ಕೆರೆದ ಒಂದು ಚೂರಿಗೆ ಅಸಿಟೋನ್ ಹಚ್ಚಿದರು. ಮೆತ್ತಗಾಗಿ ಬೆರಳಿಗೆ ಅಂಟಿತು. ಅಸಿಟೋನ್ ಹಚ್ಚಿದರೂ ಏನೂ ಆಗದಿದ್ದರೆ ಅದು ಪಾಲಿಥೀನ್, ಅಂದರೆ ನಮ್ಮ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ಮಾಲು. ಈಗ ಬಾಡಿಗೆಗೆ ಸಿಗುವ ಬಣ್ಣಬಣ್ಣದ ಕಯಾಕುಗಳಲ್ಲಿ ಹೆಚ್ಚಿನವು ಅದೇ. ಅದಕ್ಕೆ ಯಾವ ರೆಸಿನ್ನೂ ಹಿಡಿಯುವುದಿಲ್ಲ, ಅದೇ ಪ್ಲಾಸ್ಟಿಕ್ಕಿನ ಕಡ್ಡಿ ಇಟ್ಟು ಬಿಸಿಗಾಳಿಯಿಂದ ಬೆಸೆಯಬೇಕು. ಆ ಕೆಲಸ ಇಲ್ಲಿ ಮಾಡುವುದಿಲ್ಲ, ಕೇಳಿದರೆ ಚಾಚಾ ಸೀದಾ ಇಲ್ಲ ಅನ್ನುತ್ತಾರೆ. ಇಲ್ಲ ಅನ್ನುವ ಅಂಗಡಿಯವರು ನನಗೆ ಬಹಳ ಇಷ್ಟ. ಇದಕ್ಕೂ ಮೊದಲು ಬೇರೊಂದು ಊರಿನ ವರ್ಕ್‌ಶಾಪಿನಲ್ಲಿ ಇದೇ ಹಸಿರು ದೋಣಿಗೆ ಹಿಂದುಮುಂದು ನೋಡದೆ ಪಾಲಿಯೆಸ್ಟರ್ ಮೆತ್ತಿ ಕಳಿಸಿದ್ದರು. ಅದರಲ್ಲಿರುವ ಸ್ಟೈರೀನ್ ಎಬಿಎಸ್ ಅನ್ನು ತಿನ್ನುತ್ತದೆ. ಹಿಡಿದದ್ದು ಸ್ವಲ್ಪ ದಿನ, ಆಮೇಲೆ ಹಪ್ಪಳದಂತೆ ಎದ್ದುಬಂತು.

ಚಾಚಾ ಆ ಹಳೇ ಹೊದಿಕೆಯನ್ನೆಲ್ಲ ಕೆರೆದು ತೆಗೆದು, ಎಪಾಕ್ಸಿ ಅನ್ನುವ ಇನ್ನೊಂದು ಬಗೆಯ ರೆಸಿನ್ ತರಲು ಹೇಳಿದರು. ಎಪಾಕ್ಸಿಯ ದರ ಪಾಲಿಯೆಸ್ಟರಿನ ಕೆಲವು ಪಟ್ಟು, ಅವರ ಬಳಿ ಇಟ್ಟಿರುವುದಿಲ್ಲ, ನೀವೇ ತರಿಸಿಕೊಡಬೇಕು. ಜೊತೆಗೆ ನೇಯ್ದ ಗ್ಲಾಸ್ ಬಟ್ಟೆಯನ್ನೂ. ನಾನು ಇರುವ ಮ್ಯಾಟನ್ನೇ ಹಾಕಿ ಅಂದರೆ ಒಪ್ಪಲಿಲ್ಲ. ಮ್ಯಾಟಿನ ಚೂರು ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನ ಸ್ಟೈರೀನಿನಲ್ಲಿ ಕರಗುತ್ತದೆ, ಎಪಾಕ್ಸಿಯಲ್ಲಿ ಕರಗದು. ಮ್ಯಾಟ್ ಬಿರುಸಾಗಿಯೇ ಉಳಿದು ಮೂತಿಯ ದುಂಡಿಗೆ ಕೂರುವುದಿಲ್ಲ. ಬಟ್ಟೆಯನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ, ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ಪದರ ಹಾಸಿ, ಮೇಲೆ ಪಾಲಿಥೀನ್ ಹಾಳೆ ಹೊದಿಸಿ ಹಳೇ ಕ್ರೆಡಿಟ್ ಕಾರ್ಡಿನಿಂದ ಒತ್ತುತ್ತಾ ಹೋದರು. ಮಾರನೇ ದಿನ ಹಾಳೆ ಸುಲಿದಾಗ ಒಳಗೆ ಗಾಜಿನಂಥ ನುಣುಪು. ಹೊರದೇಶದಿಂದ ಬರುವ ಕೆವ್ಲಾರ್ ಅನ್ನುವ ಗಟ್ಟಿ ನಾರಿನ ಫೆಲ್ಟಿನ ಮೂತಿಪಟ್ಟಿ ಹಾಕಿದ ದೋಣಿ ನೋಡಿದ್ದೇನೆ. ದಪ್ಪಗೆ ಎದ್ದು ನಿಂತು, ನೀರು ಅದಕ್ಕೆ ಬಡಿದು ಸದ್ದು ಮಾಡುತ್ತದೆ. ಇದು ಅದಕ್ಕಿಂತ ಚೆನ್ನಾಗಿದೆ. ಕೂಲಿ 2,800, ಸಾಮಾನು ನನ್ನದು.

ಅಂಚಿನ ಮರದ ಪಟ್ಟಿಗಳು ಕೊಳೆತಿದ್ದವು. ಅದಕ್ಕೆ ಚಾಚಾ ತಮ್ಮ ಪರಿಚಯದ ಬಡಿಗೇರರನ್ನು ಕರೆಸಿ ಸಾಗವಾನಿ ಪಟ್ಟಿ, ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿಕೊಟ್ಟರು. ಚಳಿದೇಶಗಳಲ್ಲಿ ಮರದ ಅಂಚು, ರಾಯಲೆಕ್ಸ್ ಬೇರೆ ಬೇರೆ ಲೆಕ್ಕದಲ್ಲಿ ಕುಗ್ಗಿ ಮೈ ಬಿರುಕು ಬಿಡುತ್ತದೆ, ಚಳಿಗಾಲಕ್ಕೆ ಸ್ಕ್ರೂ ಸಡಿಲಿಸಿಡಿ ಅನ್ನುತ್ತಾರೆ. ಕೊಪ್ಪಳ ಜಿಲ್ಲೆಯಲ್ಲಿ ಆ ಚಿಂತೆ ಯಾರಿಗೂ ಬೇಡ.

ಇನ್ನು ಒಳಗಿನ ಫಿಟ್ಟಿಂಗು. ಸೆಳವಿನ ಕನೂದಲ್ಲಿ ಬೆಂಚಿನ ಮೇಲೆ ಕೂರುವುದಿಲ್ಲ, ಮಂಡಿಯೂರಿ ಕೂರಬೇಕು. ನಡುವೆ ಕುದುರೆ ಜೀನಿನಂಥ ಫೋಮಿನ ದಿಮ್ಮಿ, ಎರಡು ಮಂಡಿಗೆ ಎರಡು ಮೆತ್ತೆ, ತೊಡೆಯ ಮೇಲೆ ಹಾಯುವ ಪಟ್ಟಿ. ಇಷ್ಟಿದ್ದರೆ ಸೊಂಟ ಅಲುಗಿಸಿದಂತೆ ದೋಣಿ ಅಲುಗುತ್ತದೆ. ಇಲ್ಲದಿದ್ದರೆ ಸೆಳವಿನಲ್ಲಿ ದೋಣಿ ಒಂದು ಕಡೆ, ನೀವು ಒಂದು ಕಡೆ. ಶೆಡ್ಡಿನವರು ಫೋಮು ಬೇಕಾ ಅಂತ ಪಕ್ಕದ ಕುಶನ್ ವರ್ಕ್ಸಿಗೆ ಕಳಿಸಿದರು. ಅಲ್ಲಿದ್ದದ್ದು ಬೈಕ್ ಸೀಟಿನ ಸ್ಪಂಜು. ನೀರಿಗೆ ಬಿದ್ದರೆ ಹೀರಿಕೊಂಡು ಮೂರು ದಿನ ಒಣಗುವುದಿಲ್ಲ. ಅಂಗಡಿಯಲ್ಲಿ ಒಂದು ಸುಲಭ ಪರೀಕ್ಷೆ ಮಾಡಿ: ಚಿಕ್ಕ ಚೂರನ್ನು ಬಕೆಟ್ಟಿನಲ್ಲಿ ಅದುಮಿ ಹಿಡಿದು ಬಿಡಿ, ಹಿಂಡಿದಾಗ ನೀರು ಬಂದರೆ ಆ ಫೋಮು ಬೇಡ. ಕೊನೆಗೆ ಪ್ಯಾಕಿಂಗ್ ಸಾಮಾನಿನ ಅಂಗಡಿಯಲ್ಲಿ ಬಿಗಿ ಕಣದ ಪಾಲಿಥೀನ್ ಫೋಮಿನ ಹಾಳೆಗಳು ಸಿಕ್ಕವು, ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡಿದೆವು.

ಅಂಟಿಗೆ ಫೆವಿಕಾಲ್ ಎಸ್‌ಆರ್ 998. ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಒಂದೇ ಸಲಕ್ಕೆ ಒತ್ತಬೇಕು. ಶೆಡ್ಡಿನ ಹುಡುಗರಿಗೆ ಕಾಯುವ ತಾಳ್ಮೆ ಇಲ್ಲ, ಹಸಿ ಇರುವಾಗಲೇ ಒತ್ತುತ್ತಾರೆ. ಇಲ್ಲಿ ನೀವೇ ಎದುರಿಗೆ ನಿಲ್ಲಿ. ಇನ್ನೊಂದು ವಿಷಯ ನಮ್ಮ ಬಿಸಿಲಿನದು. ತೊಡೆಪಟ್ಟಿಯ ಕೊಂಡಿ ಕೂರುವ ತೇಪೆ ಪಿವಿಸಿ ಬಟ್ಟೆಯದಾದರೆ ಈ ಅಂಟು ಸಾಲದು. ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯಂಶ ಹೊರಬಂದು ಅಂಟನ್ನೇ ಮೆತ್ತಗೆ ಮಾಡುತ್ತದೆ, ಬೇಸಿಗೆಯಲ್ಲಿ ಪಟ್ಟಿ ಎಳೆದರೆ ತೇಪೆ ಕೈಗೇ ಬರುತ್ತದೆ. ರಬ್ಬರ್ ಬೋಟುಗಳಿಗೆ ಹಾಕುವ ಎರಡು ಡಬ್ಬಿಯ ಪಾಲಿಯುರೆಥೇನ್ ಅಂಟು ತರಿಸಿ. ದೋಣಿಯನ್ನು ಬಳಸದಾಗ ಮಗುಚಿ ನೆರಳಿಗೆ ಹಾಕಿ.

ತೊಡೆಪಟ್ಟಿ ಹೊಲಿಸಲು ಬಳ್ಳಾರಿಗೆ ಹೋದೆ. ಜೀನ್ಸ್ ಹೊಲಿಯುವ ಊರು, ದಪ್ಪ ಬಟ್ಟೆ ನುಂಗುವ ಮಷೀನಿಗೆ ಕೊರತೆ ಇಲ್ಲ. ಗಲ್ಲಿಯೊಂದರಲ್ಲಿ ಬೆಲ್ಟ್ ಲೂಪ್ ಹೊಲಿಯುತ್ತಾ ಕೂತಿದ್ದ ಅಕ್ಕನವರಿಗೆ ಪಟ್ಟಿ ತೋರಿಸಿದೆ. ಎರಡಿಂಚಿನ ಪಾಲಿಯೆಸ್ಟರ್ ಪಟ್ಟಿಯದು, ಯಾಕೆಂದರೆ ನೈಲಾನ್ ನೆನೆದರೆ ಹಿಗ್ಗುತ್ತದೆ. "ಎಷ್ಟ್ ಭಾರ ಹೊರಬೇಕ್ರೀ ಇದು?" ಅಂತ ಒಂದೇ ಪ್ರಶ್ನೆ. ಒಬ್ಬ ಮನುಷ್ಯ ಅಂದೆ. ಜೀನ್ಸ್ ದಾರ ಪಕ್ಕಕ್ಕಿಟ್ಟು ನೈಲಾನ್ ದಾರ ಪೋಣಿಸಿ, ಚೌಕ ಹೊಲಿದು ನಡುವೆ ಅಡ್ಡಗೆರೆ ಎಳೆದು ಕೊಟ್ಟರು. ಒಂದು ಜೊತೆಗೆ 350. ನಾನು ನೋಡಿದ ಹೊರದೇಶದ ಪಟ್ಟಿಗಳಿಗಿಂತ ಹೊಲಿಗೆ ಅಚ್ಚುಕಟ್ಟು. ಬಕಲ್ ಮಾತ್ರ ನೀವೇ ಆರಿಸಿ, ಅದರಲ್ಲಿ ಕಂಜೂಸುತನ ಬೇಡ. ದೋಣಿ ಮಗುಚಿ ತಲೆ ನೀರೊಳಗಿದ್ದಾಗ ಒಂದು ಎಳೆತಕ್ಕೆ ಕಾಲು ಬಿಡಬೇಕು. ಬಿಡದ ಪಟ್ಟಿಗಿಂತ ಪಟ್ಟಿಯೇ ಇಲ್ಲದ್ದು ವಾಸಿ. ಹೊಸ ಪಟ್ಟಿಯನ್ನು ಮೊದಲು ಸಾಣಾಪುರ ಕೆರೆಯ ನಿಂತ ನೀರಿನಲ್ಲಿ, ಲೈಫ್ ಜಾಕೆಟ್ ಹಾಕಿ, ದಡದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಬೇಕಂತಲೇ ಮಗುಚಿ ನೋಡಿ.

ಮೂತಿಯೊಳಗೆ ನೀರು ತುಂಬದಂತೆ ಕೂರಿಸುವ ಗಾಳಿ ಚೀಲಕ್ಕೆ ಶೆಡ್ಡಿನವರು ಕೊಟ್ಟ ಸಲಹೆ ಲಾರಿ ಟ್ಯೂಬು. ತೆಪ್ಪದವರಿಗೆ ಅದು ಸರಿ. ಕನೂದ ಮೂತಿ ಚೂಪು, ಟ್ಯೂಬು ದುಂಡು. ನಡುವೆ ಉಳಿದ ಸಂದಿಯಲ್ಲೆಲ್ಲ ನೀರು. ಚೀಲ ಹಿಡಿದ ಪ್ರತಿ ಲೀಟರ್ ಜಾಗಕ್ಕೂ ಒಂದು ಕಿಲೋ ನೀರು ಒಳಗೆ ಬರದೆ ಉಳಿಯುತ್ತದೆ, ಅಷ್ಟೇ ಲೆಕ್ಕ. ಥರ್ಮಾಕೋಲ್ ತುಂಬಿಸಿ ಅಂತಲೂ ಒಬ್ಬರು ಹೇಳಿದರು. ಒಂದು ಹೊಡೆತಕ್ಕೆ ಹೊಳೆ ತುಂಬ ಬಿಳಿ ಮಣಿ ತೇಲಿಬಿಡುತ್ತೇವೆ. ಡ್ಯಾಮಿನಿಂದ ಕಂಪ್ಲಿ ಸೇತುವೆ ತನಕ ಇದು 2015ರಿಂದ ನೀರುನಾಯಿ ಸಂರಕ್ಷಣಾ ಪ್ರದೇಶ, ಆ ಕಸ ಅವುಗಳ ಹೊಟ್ಟೆಗೆ ಬೇಡ. ಕೊನೆಗೆ ನಿಂತದ್ದು ಲಾರಿ ತಾಡಪತ್ರಿ ಅಂಗಡಿಯಲ್ಲಿ. ಭತ್ತದ ಲಾರಿಗಳಿಗೆ ಪಿವಿಸಿ ತಾಡಪತ್ರಿಯನ್ನು ಬಿಸಿಗಾಳಿಯಲ್ಲಿ ಬೆಸೆಯುವುದು ಅವರ ದಿನದ ಕೆಲಸ. ಮೂತಿಯ ಆಕಾರಕ್ಕೆ ರಟ್ಟು ಕತ್ತರಿಸಿ ಕೊಟ್ಟೆ. ಹಳೇ ಗಾಳಿ ಹಾಸಿಗೆಯ ವಾಲ್ವು ಕೂರಿಸಿ ಒಂದೊಂದಕ್ಕೆ 1,800ರಂತೆ ಎರಡು ಚೀಲ ಮಾಡಿಕೊಟ್ಟರು. ತೂಕ ತುಸು ಜಾಸ್ತಿ, ಸೋರಿಕೆ ಇಲ್ಲ. ಅಂಚಿನ ಪಟ್ಟಿಗೆ ತೂತು ಹಾಕಿ ಹಗ್ಗವನ್ನು ಅಡ್ಡಡ್ಡ ಹೆಣೆದು ಚೀಲ ಮೇಲೇಳದಂತೆ ಕಟ್ಟಿದ್ದು ಚಾಚಾನ ಹುಡುಗರು. ಮಂಚಕ್ಕೆ ನವಾರ ಹೆಣೆದ ಕೈಗಳು, ಚಕಚಕ ಮುಗಿಸಿದರು. ದಡಕ್ಕೆ ಬಂದ ತಕ್ಷಣ ಚೀಲದ ಗಾಳಿ ಸ್ವಲ್ಪ ಬಿಡಿ. ತಣ್ಣನೆ ನೀರಿನಲ್ಲಿ ಬಿಗಿಯಾಗಿ ಊದಿದ ಚೀಲ ಮಧ್ಯಾಹ್ನದ ಬಿಸಿಲಿಗೆ ಹಿಗ್ಗಿ ಬೆಸುಗೆ ಬಿಚ್ಚಿಕೊಳ್ಳುತ್ತದೆ.

ಈಗ ಹುಟ್ಟಿನ ವಿಷಯ. ಅಲಗಿನ ತುದಿ ಸೀಳಿದ್ದ ಮರದ ಹುಟ್ಟೊಂದನ್ನು ದೋಣಿಯ ಜೊತೆಗೇ ಶೆಡ್ಡಿಗೆ ಕೊಟ್ಟಿದ್ದೆ. ವಾಪಸ್ ಬಂದಾಗ ಅಲಗಿಗೆ ಎರಡೂ ಕಡೆ ಮ್ಯಾಟು, ಮೇಲೆ ದಪ್ಪ ಜೆಲ್‌ಕೋಟು (ಬಣ್ಣ ಬೆರೆಸಿದ ರೆಸಿನ್ನಿನ ಹೊರಪದರ), ಹಿಡಿಕೆಗೂ ಹೊಳೆಯುವ ರೆಸಿನ್ನು. ಗಟ್ಟಿ ಅಂದರೆ ಗಟ್ಟಿ, ಗೋಡೆ ಒಡೆಯಬಹುದು. ತೂಕ ಮಾತ್ರ ಒಂದೂವರೆ ಪಟ್ಟು. ಹುಟ್ಟು ದಿನಕ್ಕೆ ಸಾವಿರಾರು ಸಲ ಎತ್ತಿ ಇಳಿಸುವ ವಸ್ತು. ನೂರು ಗ್ರಾಂ ಹೆಚ್ಚಾದರೂ ಸಂಜೆಗೆ ಭುಜ ಹೇಳುತ್ತದೆ. ಅಂಚು ತೆಳ್ಳಗಿರಬೇಕಾದಲ್ಲಿ ದಪ್ಪವಾಗಿ, ನೀರಿಗೆ ಹಾಕಿದರೆ ಗುಳುಗುಳು ಅನ್ನುತ್ತದೆ. ಚಾಚಾನಿಗೆ ಹೇಳಿದೆ. "ಮುರಿಬಾರ್ದು ಅಂದಿಯಲ್ಲ ತಮ್ಮಾ, ಮುರಿಯಂಗಿಲ್ಲ ಹೋಗು" ಅಂತ ನಕ್ಕರು. ದುಡ್ಡು ತೆಗೆದುಕೊಳ್ಳಲಿಲ್ಲ ಅನ್ನುವುದನ್ನೂ ಹೇಳಬೇಕು.

ಯಾರೋ ಕಿನ್ನಾಳಕ್ಕೆ ಹೋಗಿ ಅಂದರು. ಗೊಂಬೆ ಮಾಡುವ ಕೈ ಹುಟ್ಟು ಕೆತ್ತಲಾರದೇ ಅಂತ ನನಗೂ ಆಸೆ ಆಯಿತು. ಅಲ್ಲಿಯವರೇ ಬೇಡ ಅಂದರು. ಗೊಂಬೆಗೆ ಬಳಸುವ ಮರ ಹಗುರ, ಮೆದು, ಬಣ್ಣಕ್ಕೆ ಹೇಳಿ ಮಾಡಿಸಿದ್ದು, ಹೊಳೆಯ ಎಳೆತಕ್ಕಲ್ಲ. ಕೊನೆಗೆ ಕೆಲಸ ಆದದ್ದು ನಮ್ಮ ಕಡೆಯ ಒಬ್ಬ ಬಡಿಗೇರರ ಹತ್ತಿರ. ಕೆಡವಿದ ಮನೆಯ ಸಾಗವಾನಿ ಚೌಕಟ್ಟು ತಂದು, ಎಳೆ ತುದಿಯಿಂದ ತುದಿಗೆ ನೇರ ಹೋಗಿದೆಯಾ ಅಂತ ಕಣ್ಣಿಗೆ ಹಿಡಿದು ನೋಡಿ ಆರಿಸಿದರು. ಬೇವಿನ ಹಲಗೆಯನ್ನು ಪಕ್ಕಕ್ಕೆ ಸರಿಸಿದರು, ಅದರ ಎಳೆ ತಿರುಚಿರುತ್ತದೆ, ಒಣಗಿದಂತೆ ಸೊಟ್ಟಗಾಗುತ್ತದೆ. ಕೋಲನ್ನು ಪೂರ್ತಿ ದುಂಡು ಮಾಡದೆ ಮೊಟ್ಟೆಯಾಕಾರಕ್ಕೆ ತಂದರು. ಅಲಗು ಎತ್ತ ತಿರುಗಿದೆ ಅಂತ ನೋಡದೆಯೇ ಅಂಗೈಗೆ ಗೊತ್ತಾಗಬೇಕಲ್ಲ. ಮೇಲ್ತುದಿಗೆ ಅಡ್ಡ ಹಿಡಿಕೆ, ಸೆಳವಿನಲ್ಲಿ ಕೈ ಜಾರದ ಹಾಗೆ. ಒಟ್ಟು ಉದ್ದ 58 ಇಂಚು.

ಅಲಗಿನ ತುದಿಗೆ ಒಂದು ಗೀರು ತೋಡಿ, ಅದರೊಳಗೆ ನೈಲಾನ್ ಹುರಿ ಕೂರಿಸಿ, ಆರಾಲ್‌ಡೈಟ್ ತುಂಬಿದೆವು. ಇಪ್ಪತ್ನಾಲ್ಕು ತಾಸು ಬೇಕಾಗುವ ನಿಧಾನದ ಆರಾಲ್‌ಡೈಟು. ಐದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಗೆ ನೀರು ತಡೆಯುವ ಶಕ್ತಿ ಕಮ್ಮಿ, ಹುಟ್ಟಿಗೆ ಬೇಡ. ಅಲಗಿಗೆ ಮಾತ್ರ ವಾರ್ನಿಷ್, ಕೈ ಹಿಡಿಯುವ ಕಡೆ ಅಗಸಿ ಎಣ್ಣೆ. ವಾರ್ನಿಷ್ ಮೇಲೆ ಒದ್ದೆ ಕೈ ಉಜ್ಜಿದರೆ ಅಂಗೈ ತುಂಬ ಗುಳ್ಳೆ. ಇಂಥ ಎರಡು ಮಾಡಿಸಿದೆ, ಒಂದಕ್ಕೆ 1,600 ಕೊಟ್ಟೆ. ಅಪ್ಪ ಅದನ್ನು ತೂಗಿ ನೋಡಿ, ತೆಪ್ಪದ ಮುಂದೆ ಕೂತು ನೀರನ್ನು ಎಂಟರಾಕಾರಕ್ಕೆ ಸೀಳಿ, "ಹಿಡಿಕಿ ಅಡ್ಡ ಮಾಡಿದ್ದು ಚಲೋ ಆತು" ಅಂದರು. ಈಗ ಎರಡರಲ್ಲಿ ಒಂದು ಅವರ ತೆಪ್ಪದಲ್ಲೇ ಇರುತ್ತದೆ, ಕೇಳಿದರೆ ಕೊಡುವುದಿಲ್ಲ.

ಶೆಡ್ಡಿನ ಬಗ್ಗೆ ಇನ್ನೂ ಕೆಲವು ಮಾತು. ಹೇಳಿದ ದಿನಕ್ಕೆ ಕೊಡುವುದಿಲ್ಲ. ಮದುವೆ ಸೀಜನ್ನಿನಲ್ಲಿ ಸಾರೋಟು, ಭತ್ತದ ಕೊಯ್ಲಿಗೆ ಮಿಲ್ಲಿನ ಕೆಲಸ, ಗಣೇಶ ಹಬ್ಬಕ್ಕೆ ಕಮಾನು, ಎಲ್ಲವೂ ನಿಮ್ಮ ದೋಣಿಗಿಂತ ಮುಂದೆ. ಮಾರ್ಚ್‌ನಲ್ಲಿ ಕೊಟ್ಟರೆ ಡ್ಯಾಮಿನಿಂದ ನೀರು ಬಿಡುವ ಹೊತ್ತಿಗೆ ಕೈಗೆ ಬರುತ್ತದೆ, ಜುಲೈನಲ್ಲಿ ಕೊಟ್ಟು ಆಗಸ್ಟಿಗೆ ಬೇಕು ಅಂದರೆ ನಗುತ್ತಾರೆ. ಹುಡುಗರು ಮಾಸ್ಕ್ ಇಲ್ಲದೆ ಗಾಜಿನ ಪುಡಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಒಂದು ಡಬ್ಬ ಮಾಸ್ಕ್ ಕೊಟ್ಟು ಬಂದೆ, ಮುಂದಿನ ಸಲ ಹೋದಾಗ ಅದು ಕಪಾಟಿನ ಮೇಲೆ ಹಾಗೇ ಇತ್ತು. ಇದೊಂದು ನನಗೆ ಸರಿ ಕಾಣಲಿಲ್ಲ. ನೀವು ಹೋಗುವಾಗ ಪೂರ್ತಿ ತೋಳಿನ ಅಂಗಿ ಹಾಕಿಕೊಳ್ಳಿ, ಇಲ್ಲದಿದ್ದರೆ ರಾತ್ರಿಯಿಡೀ ತುರಿಕೆ. ಬಿಲ್ಲು ಕೊಡುವುದಿಲ್ಲ, ಅರ್ಧ ಅಡ್ವಾನ್ಸ್ ಕೊಟ್ಟರೆ ಸಾಕು. ಚಾಚಾ ಫೋನ್‌ಪೇ ತೆಗೆದುಕೊಳ್ಳುತ್ತಾರೆ, ಅಂಚುಪಟ್ಟಿ ಹಾಕುವ ಬಡಿಗೇರರಿಗೆ ನಗದೇ ಬೇಕು. ಎಟಿಎಂ ಆ ರಸ್ತೆಯಲ್ಲಿ ಕಾಣಲಿಲ್ಲ, ಊರೊಳಗೇ ದುಡ್ಡು ತೆಗೆದುಕೊಂಡು ಹೋಗಿ.